ಲ್ಯಾಬಿನಲ್ಲಿ ತಾರತಮ್ಯವೇ? ಮೊದಲು ತಾರೀಖು ಬರೆದಿಡಿ

ಪ್ರಮೋಷನ್ ಪಟ್ಟಿ ಬಂದಿದೆ, ನಿಮ್ಮ ಹೆಸರಿಲ್ಲ. ಹೆರಿಗೆ ರಜೆ ಮುಗಿಸಿ ಬಂದರೆ ನಿಮ್ಮ ಪ್ರಾಜೆಕ್ಟ್ ಬೇರೆಯವರ ಕೈಯಲ್ಲಿದೆ. ಜಾತಿ ಗೊತ್ತಾದ ಮೇಲೆ ಮೀಟಿಂಗಿಗೆ ಕರೆಯುವುದೇ ನಿಂತಿದೆ. ಬೆಂಗಳೂರು, ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂಶೋಧನಾಲಯಗಳು ಬೇಕಾದಷ್ಟಿವೆ. ಅಲ್ಲಿ ದುಡಿಯುವವರು ಇಂಥ ಸಂಕಟ ಹೇಳಿಕೊಂಡಾಗಲೆಲ್ಲ ನಾನು ಕೇಳುವುದು ಒಂದೇ: ಬರವಣಿಗೆಯಲ್ಲಿ ಏನಿದೆ? ಹೆಚ್ಚಿನವರ ಹತ್ತಿರ ಏನೂ ಇರುವುದಿಲ್ಲ. ಇಂಥದ್ದೆಲ್ಲ ಬಾಯಿಮಾತಿನಲ್ಲೇ ಮುಗಿದುಹೋಗುತ್ತದೆ. ಕಾಗದ ಇಲ್ಲದಿದ್ದರೆ ಮೇಲಿನವರು ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ಅಲ್ವಾ?

1. ಬಾಯಿಮಾತನ್ನು ಕಾಗದಕ್ಕೆ ಇಳಿಸಿ

ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಲ್ಲಿ, ಯಾರು, ಏನೆಂದರು, ಹತ್ತಿರ ಯಾರಿದ್ದರು, ಇಷ್ಟನ್ನು ಅವತ್ತೇ ಬರೆಯಿರಿ. ಆಮೇಲೆ ಬಾಸ್‌ಗೆ ಎರಡು ಸಾಲಿನ ಇಮೇಲ್ ಕಳಿಸಿ: "ಸರ್, ಈ ಪ್ರಾಜೆಕ್ಟಿನಿಂದ ನನ್ನನ್ನು ಬಿಡಿಸಲಾಗಿದೆ ಎಂದು ಇವತ್ತು ತಾವು ತಿಳಿಸಿದಿರಿ. ನಾನು ತಪ್ಪು ತಿಳಿದಿದ್ದರೆ ದಯವಿಟ್ಟು ತಿಳಿಸಿ." ಜಗಳದ ಮಾತು ಬೇಡ. ಮನವಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. ಆದರೆ ಗೋಪ್ಯ ಪ್ರಾಜೆಕ್ಟಿನ ಫೈಲುಗಳನ್ನು ಸಾಕ್ಷಿ ಎಂದು ಮನೆಗೆ ಒಯ್ಯಬೇಡಿ. ತಪ್ಪು ನಿಮ್ಮ ಮೇಲೇ ತಿರುಗುತ್ತದೆ.

2. ಎಪಿಎಆರ್ ಬಂದ ದಿನವೇ ಓದಿ

ಎಪಿಎಆರ್ ಎಂದರೆ ನಿಮ್ಮ ವರ್ಷದ ಕೆಲಸಕ್ಕೆ ಮೇಲಿನವರು ಅಂಕ ಹಾಕುವ ವಾರ್ಷಿಕ ವರದಿ. ವಿಜ್ಞಾನಿಗಳಿಗೆ ಎಲ್ಲಕ್ಕಿಂತ ಮುಖ್ಯ ಇದು. ಅನೇಕ ವಿಜ್ಞಾನ ಇಲಾಖೆಗಳಲ್ಲಿ ಬಡ್ತಿಗೆ ಖಾಲಿ ಹುದ್ದೆ ಇರಲೇಬೇಕೆಂದಿಲ್ಲ. ಇಷ್ಟು ವರ್ಷ ಸೇವೆ ಆಗಿರಬೇಕು, ವಾರ್ಷಿಕ ವರದಿಯಲ್ಲಿ ಇಷ್ಟು ಅಂಕ ಬಂದಿರಬೇಕು. ಅಂಕ ಕಡಿಮೆಯಾದರೆ ಸಂದರ್ಶನಕ್ಕೇ ಕರೆ ಬರುವುದಿಲ್ಲ. ಅಂದರೆ ಬಾಗಿಲು ಮುಚ್ಚುವ ಜಾಗ ಇದೇ.

ಹಿಂದೆ ಈ ವರದಿಗೆ ಸಿ.ಆರ್. ಎನ್ನುತ್ತಿದ್ದರು, ಅದು ಗುಟ್ಟಿನ ಕಡತ. ಕೆಟ್ಟ ಷರಾ ಇದ್ದರೆ ಮಾತ್ರ ತಿಳಿಸುತ್ತಿದ್ದರು. ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಪ್ರತಿಯೊಂದು ಷರಾವನ್ನೂ ನೌಕರರಿಗೆ ತಿಳಿಸಲೇಬೇಕು ಎಂದಿತು. 2009ರ ಮೇ ತಿಂಗಳ ಕೇಂದ್ರದ ಆದೇಶದಂತೆ ಪೂರ್ತಿ ವರದಿಯನ್ನು ನಿಮಗೆ ತೋರಿಸಬೇಕು. ಒಪ್ಪಿಗೆ ಇಲ್ಲದಿದ್ದರೆ 15 ದಿನದೊಳಗೆ ನೀವು ಮನವಿ ಕೊಡಬೇಕು.

ಈ 15 ದಿನ ನನಗೆ ಚೆನ್ನಾಗಿ ನೆನಪಿದೆ. ಹೆರಿಗೆ ರಜೆಯ ವರ್ಷ ನನ್ನ ಅಂಕ ಇಳಿದಿತ್ತು. "ನೋಡೋಣ ಬಿಡಮ್ಮ, ಮುಂದಿನ ವರ್ಷ ಸರಿ ಮಾಡೋಣ" ಎಂದರು ಮೇಲಿನವರು. ನಂಬಿದೆ. ಗಡುವು ಕಳೆಯಿತು, ಬಡ್ತಿಯೂ ಹಿಂದೆ ಬಿತ್ತು. ಯಾರು ಎಷ್ಟೇ ಪ್ರೀತಿಯಿಂದ ಹೇಳಲಿ, ನೀವು ಮನವಿ ಕೊಟ್ಟುಬಿಡಿ. ಹಿಂದಿನ ವರ್ಷಗಳ ಅಂಕ, ಈ ವರ್ಷ ಮಾಡಿದ ಕೆಲಸ, ರಜೆಯ ದಿನಗಳು, ಮೂರನ್ನೂ ಒಂದೇ ಪುಟದಲ್ಲಿ ಬರೆಯಿರಿ. ಕಾರಣ ಸಹಿತ ಲಿಖಿತ ಆದೇಶ ಕೊಡಿ ಎಂದು ಕೊನೆಯಲ್ಲಿ ಕೇಳಿ.

3. ಸರಿಯಾದ ಬಾಗಿಲು ತಟ್ಟಿ

ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿಗೆ 3 ತಿಂಗಳೊಳಗೆ ದೂರು ಕೊಡಿ. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಪಿಎಚ್‌ಡಿ ಮಾಡುತ್ತಿರುವವರು, ಗುತ್ತಿಗೆಯವರು, ಟ್ರೈನಿಗಳು ಕೂಡ ದೂರು ಕೊಡಬಹುದು. ಇದು ಬಹಳ ಹುಡುಗಿಯರಿಗೆ ಗೊತ್ತೇ ಇರುವುದಿಲ್ಲ.

ಪರಿಶಿಷ್ಟ ಜಾತಿ, ಪಂಗಡದವರು ಮೊದಲು ನಿಮ್ಮ ಕಚೇರಿಯಲ್ಲಿ ಮೀಸಲಾತಿ ನೋಡಿಕೊಳ್ಳುವ ಲಿಯಾಸನ್ ಅಧಿಕಾರಿಗೆ ಬರೆಯಿರಿ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಆಯೋಗಗಳಿವೆ. ವಿಚಾರಣೆಯಲ್ಲಿ ಅಧಿಕಾರಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಅವಕ್ಕಿದೆ. ಅಂಗವಿಕಲರಿಗೆ 2016ರ ಕಾಯ್ದೆಯಡಿ ಕುಂದುಕೊರತೆ ಅಧಿಕಾರಿ ಇರಲೇಬೇಕು. ಎಂ.ಪಿ., ಮಂತ್ರಿಗಳಿಂದ ಫೋನ್ ಮಾತ್ರ ಮಾಡಿಸಬೇಡಿ. ಅದು ನಡತೆ ನಿಯಮಕ್ಕೆ ವಿರುದ್ಧ.

4. ಆರ್‌ಟಿಐ ಹಾಕಿ

ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಇದು. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ. "ನನಗೇಕೆ ಹೀಗೆ ಮಾಡಿದಿರಿ" ಎಂದು ಕೇಳಿದರೆ ಏನೂ ಸಿಗುವುದಿಲ್ಲ. ದಾಖಲೆಯ ಹೆಸರು ಹೇಳಿ ಕೇಳಿ: ನನ್ನ ಮನವಿಯ ಫೈಲಿನ ಟಿಪ್ಪಣಿಗಳು, ಬಡ್ತಿ ಸಮಿತಿಯಲ್ಲಿ ನನ್ನ ಬಗ್ಗೆ ಆದ ನಡಾವಳಿ, ಮೀಸಲಾತಿ ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಪಟ್ಟಿ). ಸಹೋದ್ಯೋಗಿಯ ಎಪಿಎಆರ್ ಕೇಳಿದರೆ ಖಾಸಗಿ ಮಾಹಿತಿ ಎಂದು ತಳ್ಳಿಹಾಕುವುದೇ ಜಾಸ್ತಿ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಈ ಕಾಯ್ದೆಯಿಂದ ವಿನಾಯಿತಿ ಇದೆ. ಆದರೆ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಆ ವಿನಾಯಿತಿ ಇಲ್ಲ.

5. ಸಿಎಟಿಗೆ ಹೋಗುವ ಲೆಕ್ಕ

ಕೇಂದ್ರ ನೌಕರರ ಸೇವಾ ವ್ಯಾಜ್ಯ ನೋಡುವುದು ಕೇಂದ್ರ ಆಡಳಿತ ನ್ಯಾಯಮಂಡಳಿ, ಅಂದರೆ ಸಿಎಟಿ. ಬೆಂಗಳೂರಿನಲ್ಲೇ ಪೀಠವಿದೆ. ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಲ್ಯಾಬುಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಕೆಲವು ಸ್ವಾಯತ್ತ ಸಂಸ್ಥೆಗಳು ಬರುವುದಿಲ್ಲ, ಅಲ್ಲಿಯವರಿಗೆ ಹೈಕೋರ್ಟೇ ದಾರಿ. ಲ್ಯಾಬಿನ ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮನವಿಗೆ ಉತ್ತರವೇ ಬರಲಿಲ್ಲವೇ? 6 ತಿಂಗಳು ಕಾಯಿರಿ, ಅಲ್ಲಿಂದ ಒಂದು ವರ್ಷ ಸಿಗುತ್ತದೆ.

ಬಹಳ ಜನ ಸೋಲುವುದು ಇಲ್ಲೇ. ಒಂದಾದ ಮೇಲೆ ಒಂದು ಮನವಿ ಕೊಡುತ್ತಾ, ಇವತ್ತು ನಾಳೆ ಎಂದು ಕಾಯುತ್ತಾರೆ. ಹೀಗೆ ಮತ್ತೆ ಮತ್ತೆ ಬರೆದರೆ ಗಡುವು ಬೆಳೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಹಾಗಾಗಿ ಮೊದಲ ಮನವಿಗೆ ಸೀಲು ಬಿದ್ದ ದಿನವೇ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿ: 6 ತಿಂಗಳಿಗೆ ಒಂದು, 18 ತಿಂಗಳಿಗೆ ಇನ್ನೊಂದು. ಮೊದಲ 6 ತಿಂಗಳೊಳಗೆ ಆದೇಶ ಬಂದರೆ ಎರಡನೆಯ ಗುರುತು ಅಳಿಸಿ, ಆದೇಶದ ತಾರೀಖಿನಿಂದ ಒಂದು ವರ್ಷ ಎಣಿಸಿ.