ಡಿಗ್ರಿ ಓದುವಾಗಲೇ ಸಂಶೋಧನೆ, ಸೇವೆ: ಶುರು ಮಾಡುವುದು ಹೇಗೆ?

ಸಂಶೋಧನೆ ಎಂದರೆ ಪಿಎಚ್‌ಡಿಗೆ ಸೇರಿದ ಮೇಲಿನ ಮಾತು ಎಂದುಕೊಂಡಿರುವ ಡಿಗ್ರಿ ಮಕ್ಕಳೇ ಜಾಸ್ತಿ. ಮೈಸೂರು, ಮಂಡ್ಯದಲ್ಲಿ ಇದ್ದುಕೊಂಡು ಹಾಗೆ ಕಾಯುತ್ತಾ ಕೂರುವುದು ದೊಡ್ಡ ನಷ್ಟ. ಆಹಾರದ ವಿಷಯಕ್ಕೆ 1950ರಿಂದ ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇದೆ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆಯೂ ಭಾರತೀಯ ಭಾಷಾ ಸಂಸ್ಥಾನವೂ ಇವೆ. ಭತ್ತ, ಕಬ್ಬಿಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಇದೆ. ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಓದಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಲ್ಲಿ. ಇವೆಲ್ಲ ಸಿಟಿ ಬಸ್ಸಿನ ದೂರದಲ್ಲಿವೆ. ಆದರೆ ಮೊದಲೇ ಅಲ್ಲಿಗೆ ಹೋಗಿ ಬಾಗಿಲು ತಟ್ಟಬೇಡಿ.

ಮೊದಲು ಒಂದು ಸಣ್ಣ ಪ್ರಶ್ನೆ ಹುಡುಕಿ. ‘ಕಾವೇರಿ ಮಾಲಿನ್ಯ’ ಎಂಬುದು ಬರೀ ವಿಷಯ, ಅದರಲ್ಲಿ ಪ್ರಶ್ನೆಯೇ ಇಲ್ಲ. ‘ನಮ್ಮೂರಿನ ಹತ್ತು ಬೋರ್‌ವೆಲ್‌ಗಳಲ್ಲಿ ಯಾವುದರ ನೀರು ಮಳೆಗಾಲ ಕಳೆದ ಮೇಲೆ ಬದಲಾಗುತ್ತದೆ?’ ಎಂದು ಕೇಳಿದರೆ ಕೆಲಸ ಶುರುವಾಯಿತು. ಬಿಎ ಓದುವವರು ‘ನಮ್ಮೂರ ಸಂತೆಯಲ್ಲಿ ಸೇರು, ಪಾವು, ಕೊಳಗ ಎಂಬ ಮಾತು ಇನ್ನೂ ಯಾರ ಬಾಯಲ್ಲಿದೆ?’ ಎಂದು ಕೇಳಬಹುದು. ಒಂದು ಸೆಮಿಸ್ಟರಿನಲ್ಲಿ, ಕೈಖರ್ಚಿನ ಹಣದಲ್ಲಿ ಮುಗಿಯುವಂತಿರಲಿ.

ಆಮೇಲೆ ನೋಟ್‌ಬುಕ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಲ್ಯಾಬಿನ ಹಿರಿಯರು ಮೊದಲು ನೋಡುವುದು ಇದನ್ನೇ. ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ಹಕ್ಕಿ ನೋಡಲು ಹೋದಿರಿ ಅನ್ನಿ. ಪುಟದ ಮೇಲೆ ತಾರೀಖು, ಶುರು ಮಾಡಿದ ಗಂಟೆ, ಮುಗಿಸಿದ ಗಂಟೆ, ಮೋಡವಿತ್ತೋ ಬಿಸಿಲೋ, ನಿಂತಿದ್ದ ಜಾಗ ಬರೆಯಿರಿ. ಕೆಳಗೆ ಹಕ್ಕಿ, ಎಣಿಕೆ. ಗೊತ್ತಾಗದ ಹಕ್ಕಿಗೆ ಅಂದಾಜಿನಲ್ಲಿ ಹೆಸರು ಹಾಕಬೇಡಿ. ‘ಕಂದು ಬೆನ್ನು, ಬಿಳಿ ಹುಬ್ಬು, ಒಂಟಿ’ ಎಂದು ಕಂಡಷ್ಟೇ ಬರೆಯಿರಿ. ತಪ್ಪಾದರೆ ಅಳಿಸದೆ ಒಂದು ಗೆರೆ ಎಳೆಯಿರಿ, ಕೆಳಗಿದ್ದದ್ದು ಕಾಣುತ್ತಿರಬೇಕು. ಜೆಲ್ ಪೆನ್ ಬೇಡ, ಒಂದು ಹನಿ ಬಿದ್ದರೂ ಹರಡುತ್ತದೆ, ಪೆನ್ಸಿಲ್ ಸಾಕು. ಈ ಎಣಿಕೆಯನ್ನು ಹಕ್ಕಿಗಳ ದಾಖಲೆಗೆಂದೇ ಇರುವ ಇಬರ್ಡ್ ಆಪ್‌ಗೆ ಹಾಕಿದರೆ ವಿಜ್ಞಾನಿಗಳಿಗೂ ಸಿಗುತ್ತದೆ. ಹಕ್ಕಿ ಇಷ್ಟವಿಲ್ಲವೇ? ಕಾಲೇಜಿನ ಹೊಂಗೆ ಮರದ ಚಿಗುರು, ಹೂವು, ಕಾಯಿಯನ್ನು ವಾರಕ್ಕೊಮ್ಮೆ ಗಮನಿಸಿ, ಮರಗಳ ಬದಲಾವಣೆಯನ್ನು ಜನರೇ ದಾಖಲಿಸುವ ಸೀಸನ್‌ವಾಚ್ ಯೋಜನೆಗೆ ಸೇರಿಸಬಹುದು. ಆದರೆ ರಂಗನತಿಟ್ಟಿನಂಥ ಪಕ್ಷಿಧಾಮದಲ್ಲಿ ಸಂಶೋಧನೆ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಎರಡು ಮೂರು ತಿಂಗಳ ದಾಖಲೆ ಕೈಯಲ್ಲಿದ್ದರೆ ಪತ್ರ ಬರೆಯುವ ಧೈರ್ಯ ತಾನಾಗಿ ಬರುತ್ತದೆ. ‘ಮಾನ್ಯರೇ, ನನಗೆ ಸಂಶೋಧನೆಯಲ್ಲಿ ಅಪಾರ ಆಸಕ್ತಿಯಿದೆ, ಅವಕಾಶ ಕೊಡಿ’ ಎಂಬ ಒಂದೇ ಮೇಲ್ ಅನ್ನು ಐವತ್ತು ಜನರಿಗೆ ಕಳಿಸಿದರೆ ಉತ್ತರ ಬರುವುದು ಕಷ್ಟ. ಒಬ್ಬರನ್ನು ಆರಿಸಿ, ಅವರ ಒಂದು ಲೇಖನವನ್ನಾದರೂ ಓದಿ, ಹೀಗೆ ಬರೆಯಿರಿ:

‘ನಾನು ಮಂಡ್ಯದಲ್ಲಿ ಎರಡನೇ ವರ್ಷದ ಬಿಎಸ್ಸಿ ಓದುತ್ತಿದ್ದೇನೆ. ರಾಗಿ ಹಿಟ್ಟು ಕೆಡುವುದರ ಬಗ್ಗೆ ತಾವು ಬರೆದ ಲೇಖನ ಓದಿದೆ. ತೇವಾಂಶ ಅಳೆದ ವಿಧಾನ ನನಗೆ ಪೂರ್ತಿ ಅರ್ಥವಾಗಲಿಲ್ಲ. ನಮ್ಮ ಮನೆಯ ಹಿಟ್ಟನ್ನು ಎರಡು ತಿಂಗಳು ಗಮನಿಸಿದ ಟಿಪ್ಪಣಿ ಇದರ ಜೊತೆಗಿದೆ. ಬೇಸಿಗೆ ರಜೆಯಲ್ಲಿ ತಮ್ಮ ಲ್ಯಾಬಿನಲ್ಲಿ ಕಲಿಯಲು ಅವಕಾಶವಿದೆಯೇ?’

ಇಷ್ಟೇ ಸಾಕು. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಸುಮ್ನೆ ಪದೇ ಪದೇ ಕಾಡಬೇಡಿ. ಶುಲ್ಕವಿದ್ದರೆ ಸಂಸ್ಥೆಯ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಹಣ ಕೊಟ್ಟರೆ ಸರ್ಟಿಫಿಕೇಟ್ ಕೊಡಿಸುತ್ತೇನೆ ಎನ್ನುವ ಮಧ್ಯವರ್ತಿಗಳ ಹತ್ತಿರ ಹೋಗಲೇಬೇಡಿ.

ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್, ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್ ಇಂಥವಕ್ಕೆ ಬೇಸಿಗೆ ಬರುವ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ದಸರಾ ರಜೆ ಮುಗಿಯುತ್ತಲೇ ಪ್ರಕಟಣೆ ನೋಡುತ್ತಿರಿ. ಮೇಷ್ಟ್ರ ಹತ್ತಿರ ಶಿಫಾರಸು ಪತ್ರವನ್ನು ಕೊನೆಯ ದಿನ ಕೇಳಬೇಡಿ, ಪಾಪ ಅವರಿಗೂ ಕೆಲಸವಿರುತ್ತದೆ ಅಲ್ವಾ?

ಇನ್ನು ಸೇವೆ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ (ಎನ್‌ಎಸ್‌ಎಸ್) ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಶಿಬಿರ ಇರುತ್ತದೆ. ಶಿಬಿರವೆಂದರೆ ರಸ್ತೆ ಗುಡಿಸಿ ಫೋಟೊ ತೆಗೆಸಿಕೊಳ್ಳುವುದಕ್ಕೆ ಮುಗಿಯಬಾರದು. ಬೋರ್‌ವೆಲ್ ಪ್ರಶ್ನೆಯನ್ನು ಅಲ್ಲಿಗೇ ಒಯ್ಯಿರಿ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಮೀಟರಿನಲ್ಲಿ ಪ್ರತಿ ಬೋರ್‌ವೆಲ್ ನೀರು ಅಳೆದು ಬರೆದುಕೊಳ್ಳಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಒಪ್ಪಬಹುದು. ಮೀಟರು ತೋರಿಸುವುದು ಕರಗಿದ ಲವಣಗಳ ಒಟ್ಟು ಲೆಕ್ಕ ಮಾತ್ರ. ಫ್ಲೋರೈಡ್ ಎಷ್ಟಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಹಾಗಾಗಿ ಅಂಕಿ ಕಡಿಮೆ ಬಂತೆಂದು ‘ಈ ನೀರು ಕುಡಿಯಬಹುದು’ ಎಂದು ಊರಿನವರಿಗೆ ಹೇಳಬೇಡಿ.

ಮನೆಗಳಿಗೆ ಹೋದಾಗ ಯಾಕೆ ಕೇಳುತ್ತಿದ್ದೀರಿ ಎಂದು ಮೊದಲು ತಿಳಿಸಿ. ‘ಬೇಡ ಕಣಪ್ಪಾ’ ಎಂದರೆ ಮುಂದಿನ ಮನೆಗೆ ಹೋಗಿ. ಹೆಸರು ಬರೆಯದೆ ಮನೆಗೊಂದು ನಂಬರ್ ಕೊಟ್ಟರೆ ಸಾಕು.

ಶಿಬಿರಕ್ಕೆ ಹೋಗಲಾಗದವರು ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡಬಹುದು. ಒಪ್ಪಿಕೊಂಡ ಮೇಲೆ ಮಾತ್ರ ಕೈಕೊಡಬೇಡಿ, ಅವರ ಒಂದು ವರ್ಷ ನಿಮ್ಮ ಕೈಯಲ್ಲಿರುತ್ತದೆ.

ಕೆಲಸ ಮುಗಿದ ಮೇಲೆ ಫಲಿತಾಂಶವನ್ನು ಎರಡು ಪುಟದಲ್ಲಿ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ಕಾಲೇಜು ಲೈಬ್ರರಿಯಲ್ಲಿರಲಿ. ಮುಂದಿನ ಬ್ಯಾಚಿನವರು ಅದೇ ಬೋರ್‌ವೆಲ್‌ಗಳನ್ನು ಮತ್ತೆ ಅಳೆದು ಹೋಲಿಸಲು ಅದು ಬೇಕಾಗುತ್ತದೆ.