ಏಳು ಸೀಳೋ, ಒಂಬತ್ತು ಸೀಳೋ

ಮೂಡಿಗೆರೆಯಲ್ಲಿ ಅವತ್ತು ಸಂತೆ. ತರಕಾರಿ ಮೂಟೆ ಇಳಿಸಿ ನಿಂತಿದ್ದ ಒಂದು ಜೀಪಿನ ಮುಂದೆ ನಾನು ಕುಕ್ಕರುಗಾಲಲ್ಲಿ ಕೂತು ಬೆರಳಿಟ್ಟು ಎಣಿಸುತ್ತಿದ್ದೆ. ಡ್ರೈವರ್ ಬೀಡಿ ಆರಿಸಿ ಹತ್ತಿರ ಬಂದರು.

"ಏನ್ ಸಾರ್, ದುಡ್ಡು ಗಿಡ್ಡು ಬೀಳಿಸ್ಕೊಂಡ್ರಾ?"

"ಇಲ್ಲ ಅಣ್ಣ, ಗ್ರಿಲ್ಲಲ್ಲಿ ಎಷ್ಟು ಸೀಳಿದೆ ಅಂತ ನೋಡ್ತಿದ್ದೀನಿ."

ಪಾಪ, ಬಿಸಿಲಿಗೆ ಹೀಗಾಗಿರಬೇಕು ಅನ್ನೋ ಹಾಗೆ ಅವರು ನನ್ನನ್ನು ನೋಡಿದರು. ಎಣಿಕೆ ಒಂಬತ್ತಕ್ಕೆ ನಿಂತಿತ್ತು. ನನ್ನ ಎದೆ ಹೊಡ್ಕೊಳ್ಳೋಕೆ ಶುರುವಾಗಿತ್ತು.

ವಿಷಯ ಇಷ್ಟೇ. ಎರಡನೇ ಮಹಾಯುದ್ಧಕ್ಕೆ ಅಂತ ತಯಾರಾದ ವಿಲ್ಲೀಸ್ ಜೀಪಿನ ತಗಡಿನ ಗ್ರಿಲ್ಲಿಗೆ ಒಂಬತ್ತು ಸೀಳು. ಯುದ್ಧ ಮುಗಿದ ಮೇಲೆ ಜನರಿಗೆ ಮಾರಲು ಮಾಡಿದ ಸಿಜೆ ಮಾದರಿಗೆ ಏಳು. ಯುದ್ಧದ ನಂತರ ಸೇನೆಗೆ ಬೇಡವಾದ ಜೀಪುಗಳು ಡಿಸ್ಪೋಸಲ್‌ನಲ್ಲಿ ಹರಾಜಾಗಿ ಮಲೆನಾಡಿನ ತೋಟಗಳಿಗೂ ಬಂದವು. ಹಾಗಾಗಿ ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಡೆ ಹೋದಾಗ ನನ್ನ ಕಣ್ಣು ಜೀಪುಗಳ ಮೇಲೇ ಇರುತ್ತದೆ.

ಆದರೆ ಎಣಿಕೆ ಒಂದನ್ನೇ ನಂಬಿ ನಾನು ಒಮ್ಮೆ ಮರ್ಯಾದೆ ಕಳೆದುಕೊಂಡಿದ್ದೇನೆ. ಬೆಂಗಳೂರಿನಲ್ಲಿ ಒಂದು ಒಂಬತ್ತು ಸೀಳಿನ ಜೀಪು ಕಂಡು, ಅದು ಯುದ್ಧ ನೋಡಿದ ಗಾಡಿ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಕೊನೆಗೆ ಗ್ಯಾರೇಜಿನ ಮೇಸ್ತ್ರಿಯೊಬ್ಬರು ನಕ್ಕುಬಿಟ್ಟರು. ಹರಿಯಾಣದ ಮಂಡಿ ಡಬ್ವಾಲಿಯಂಥ ಊರಲ್ಲಿ ಹಳೇ ಮಾದರಿ ಜೀಪನ್ನು ಹೊಸದಾಗಿ ಕಟ್ಟಿಕೊಡ್ತಾರೆ. ತಗಡಿಗೆ ಸೀಳು ಕೊಯ್ಯೋದು ಯಾವ ದೊಡ್ಡ ಕೆಲಸ? "ಹೆಡ್‌ಲೈಟ್ ನೋಡ್ಬೇಕು ಸಾರ್" ಅಂದರು ಅವರು. ಯುದ್ಧದ ಜೀಪಿನಲ್ಲಿ ಹೆಡ್‌ಲೈಟ್ ಚಿಕ್ಕದು, ಗ್ರಿಲ್ಲಿನ ಹಿಂದೆ ಒಳಗೆ ಕೂತಿರುತ್ತದೆ. ಅದನ್ನು ಹಿಡಿದಿರುವ ಪಟ್ಟಿಗೆ ಕೀಲು ಇರುತ್ತದೆ.

ಮೂಡಿಗೆರೆಯಲ್ಲಿ ನಾನು ಅದನ್ನೇ ಕೇಳಿದೆ. ಡ್ರೈವರ್ ಏನೂ ಮಾತಾಡದೆ ಬಾನೆಟ್ ಎತ್ತಿದರು. ಒಳಗೆ ಕೈ ಹಾಕಿ ಒಂದು ನಟ್ ಸಡಿಲಿಸಿದರು. ಹೆಡ್‌ಲೈಟನ್ನೇ ಪೂರ್ತಿ ಹಿಂದಕ್ಕೆ ಮಗುಚಿದರು. ದೀಪದ ಮುಖ ಈಗ ಇಂಜಿನ್ ಕಡೆಗಿತ್ತು. ಕತ್ತಲಲ್ಲಿ ರಿಪೇರಿ ಮಾಡುವ ಸೈನಿಕನಿಗೆ ಬೆಳಕಿರಲಿ ಅಂತ ಮಾಡಿದ ವ್ಯವಸ್ಥೆ ಅದು. "ರಾತ್ರಿ ತೋಟದಲ್ಲಿ ಕೈ ಕೊಟ್ರೆ ಟಾರ್ಚೇ ಬೇಡ ನೋಡಿ" ಅಂದರು. ಅವರಿಗೆ ಯುದ್ಧದ ಕಥೆ ಗೊತ್ತಿರಲಿಲ್ಲ. ನಾನು ಹೇಳಿದ್ದಕ್ಕೆ "ಹೌದಾ?" ಅಂದು ಮತ್ತೊಂದು ಬೀಡಿ ಹಚ್ಚಿದರು.

ನನ್ನದು ಅಕೌಂಟ್ಸ್ ಕೆಲಸ. ಸ್ವಂತಕ್ಕೆ ಇರೋದು ಒಂದು ವ್ಯಾಗನ್ ಆರ್. ಹಳೇ ಕಾರು ಕೊಳ್ಳುವ ದುಡ್ಡೂ ಇಲ್ಲ, ನಿಲ್ಲಿಸುವ ಜಾಗವೂ ಇಲ್ಲ. ಕಳೆದ ಹನ್ನೆರಡು ವರ್ಷದಿಂದ ಬರೀ ನೋಡುತ್ತಿದ್ದೇನೆ. ಮನೆಯವಳ ಪ್ರಕಾರ ಇದು ಮದುವೆ ಛತ್ರದ ಹೊರಗೆ ನಿಂತು ಊಟದ ವಾಸನೆ ಕುಡಿಯುವ ಹವ್ಯಾಸ. ಇರಲಿ.

ನನಗೆ ಮೊದಲ ಪಾಠ ಹೇಳಿದ್ದು ನಂಬರ್ ಪ್ಲೇಟು. ಎಂವೈ ಅಂತ ಶುರುವಾದರೆ ಅದು ಮೈಸೂರು ರಾಜ್ಯದ ಹೆಸರಿನ ನಂಬರ್. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ರಂದು. ಆಮೇಲಿನ ಗಾಡಿಗಳಲ್ಲಿ ಸಿಎ ಅಂತ ಶುರುವಾಗುವ ನಂಬರುಗಳು ಸಿಗುತ್ತವೆ. ಕೆಎ ಬಂದಿದ್ದು ಅದಕ್ಕೂ ಎಷ್ಟೋ ವರ್ಷದ ನಂತರ. ಸಿಗ್ನಲ್ಲಿನಲ್ಲಿ ಎಂವೈ ಪ್ಲೇಟಿನ ಅಂಬಾಸಿಡರ್ ಕಂಡರೆ ನಾನು ಸ್ಕೂಟರ್ ಪಕ್ಕಕ್ಕೆ ಹಾಕುವುದು ಗ್ಯಾರಂಟಿ. ಇನ್ನೊಂದು ಥರದ ಪ್ಲೇಟು ಈಚಿನದು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ಬೇರೆ ನಿಯಮ ತಂದಿತು. ರಾಜ್ಯದ ಅಕ್ಷರ ಆದ ಮೇಲೆ ವಿಎ ಅಂತ ಬರುತ್ತದೆ. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ಅಂಥ ಗಾಡಿಯನ್ನು ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಹಳೇ ನಂಬರನ್ನೇ ಉಳಿಸಿಕೊಳ್ಳಲೂ ಅವಕಾಶ ಇದೆ. ಅದು ಒಳ್ಳೆಯದಾಯಿತು ನೋಡಿ, ಇಲ್ಲದಿದ್ದರೆ ನನ್ನಂಥವರ ಕಣ್ಣಿಗೆ ಹಬ್ಬವೇ ಇರುತ್ತಿರಲಿಲ್ಲ.

ಎರಡನೇ ಪಾಠ ಚಕ್ರದ್ದು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಒಳ್ಳೊಳ್ಳೆ ಕಾರುಗಳು ಕವರ್ ಹೊದ್ದು ಮಲಗಿರುತ್ತವೆ. ಕವರ್ ಎತ್ತಿ ನೋಡುವುದು ಅಂದರೆ ಬೇರೆಯವರ ಮನೆ ಕಿಟಕಿ ತೆಗೆದ ಹಾಗೆ, ಅದನ್ನು ಮಾಡುವುದಿಲ್ಲ. ಆದರೆ ಕೆಳಗೆ ಟೈರ್ ಇಣುಕುತ್ತದಲ್ಲ? ಅದರ ಮೇಲೆ ಅಳತೆ ಬರೆದಿರುತ್ತದೆ. ಅಂಬಾಸಿಡರ್‌ಗೆ 15 ಇಂಚಿನ ಚಕ್ರ. ಫಿಯೆಟ್ ಮತ್ತು ಪದ್ಮಿನಿಗೆ 14. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ 13. ಮಾರುತಿ 800ಕ್ಕೆ 12. ಚಕ್ರದ ಅಳತೆ, ಕವರಿನ ಉಬ್ಬು ತಗ್ಗು, ಕಾರಿನ ಉದ್ದ, ಇವಿಷ್ಟು ಸೇರಿಸಿದರೆ ಹತ್ತಕ್ಕೆ ಏಳು ಸಲ ನನ್ನ ಊಹೆ ಸರಿಯಾಗಿದೆ.

ಫಿಯೆಟ್ ಬಗ್ಗೆ ಒಂದು ಮಾತು. ಎಲ್ಲರೂ ಎಲ್ಲವನ್ನೂ ಪದ್ಮಿನಿ ಅಂತಾರೆ. ಆ ಕಾರು ಇಲ್ಲಿಗೆ ಬಂದಿದ್ದು 1964ರಲ್ಲಿ, ಫಿಯೆಟ್ 1100 ಡಿಲೈಟ್ ಆಗಿ. ನಡುವೆ ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್. ಪದ್ಮಿನಿ ಆಗಿದ್ದು 1974ರಲ್ಲಿ. ಆ ಪ್ರೆಸಿಡೆಂಟ್ ಬ್ಯಾಡ್ಜು ಇನ್ನೂ ಮೈಮೇಲೆ ಉಳಿದಿರುವ ಕಾರು ಸಿಕ್ಕರೆ ನಾನು ಅದರ ಹಿಂಭಾಗದ ಫೋಟೋವನ್ನೇ ಮೊದಲು ತೆಗೆಯುತ್ತೇನೆ. ಡಿಲೈಟ್‌ಗೂ ಹಿಂದಿನ 1100ರಲ್ಲಿ ಇನ್ನೊಂದು ಮಜಾ ಇದೆ. ಮುಂದಿನ ಬಾಗಿಲಿನ ಕೀಲು ಹಿಂದೆ ಇರುತ್ತದೆ. ಬಾಗಿಲು ಮುಂಬದಿಯಿಂದ ಹಿಂದಕ್ಕೆ ತೆರೆದುಕೊಳ್ಳುತ್ತದೆ. ಹಿಡಿ ಎಲ್ಲಿದೆ ಅಂತ ಒಂದು ಸಲ ನೋಡಿದರೆ ಸಾಕು, ರಸ್ತೆಯ ಆ ಬದಿಯಿಂದಲೇ ಗೊತ್ತಾಗಿಬಿಡುತ್ತದೆ.

ಹೆರಾಲ್ಡ್ ಕಥೆ ಬೇರೆ. ಬಸವನಗುಡಿಯ ಒಂದು ಕ್ರಾಸಿನಲ್ಲಿ ಗೇಟಿನ ಒಳಗೆ ಒಂದು ನಾಲ್ಕು ಬಾಗಿಲ ಹೆರಾಲ್ಡ್ ಕಂಡೆ. ಇಂಗ್ಲೆಂಡಿನ ಹೆರಾಲ್ಡಿಗೆ ಇದ್ದಿದ್ದು ಎರಡೇ ಬಾಗಿಲು. ನಾಲ್ಕು ಬಾಗಿಲಿನದು ಮದ್ರಾಸಿನಲ್ಲಿ ನಮಗಾಗಿಯೇ ಮಾಡಿದ್ದು. ಕೇಳದೆ ಫೋನ್ ಎತ್ತಿ ನಾಲ್ಕು ಫೋಟೋ ಹೊಡೆದೆ. ಒಳಗಿಂದ ಒಬ್ಬ ಹಿರಿಯರು ಬಂದು ಬೀದಿಗೆಲ್ಲ ಕೇಳುವ ಹಾಗೆ ಬೈದರು. ತಪ್ಪು ನನ್ನದೇ. ಮುಂದಿನ ಭಾನುವಾರ ಆ ಫೋಟೋದಲ್ಲಿ ಒಂದನ್ನು ಪ್ರಿಂಟ್ ಹಾಕಿಸಿ ತೆಗೆದುಕೊಂಡು ಹೋದೆ. "ಕ್ಷಮಿಸಿ ಸಾರ್, ಅವತ್ತು ಕೇಳ್ಬೇಕಿತ್ತು" ಅಂದೆ. ಅವರು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಒಳಗ್ ಬಾಪ್ಪಾ. ಕಾಫಿ ಕುಡೀತೀಯಾ?"

ಕಾಫಿ ಆದ ಮೇಲೆ ಅವರು ಹೆರಾಲ್ಡಿನ ಬಾನೆಟ್ ತೆಗೆದರು. ತೆಗೆದರು ಅನ್ನೋದು ಸಾಲದು. ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಕಾರಿನ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಂಡಿತು. ಇಂಜಿನ್, ಸಸ್ಪೆನ್ಷನ್, ಚಾಸಿ ಎಲ್ಲ ಬಟಾಬಯಲು. ಎಂಬತ್ತರ ಹತ್ತಿರದ ಆ ಮನುಷ್ಯ ಪಂಚೆ ಮೇಲೆ ಕಟ್ಟಿ, ಮುಂದಿನ ಟೈರಿನ ಮೇಲೆ ಸ್ಟೂಲಿನ ಮೇಲೆ ಕೂತ ಹಾಗೆ ಕೂತು ಕಾರ್ಬುರೇಟರ್ ತಿರುಪು ತಿರುಗಿಸಿದರು. ಇಂಜಿನ್ ಗೊರಗೊರ ಅನ್ನುತ್ತಿದ್ದದ್ದು ಮೆತ್ತಗಾಯಿತು. "ಇದು ಎಂಥಾ ಸಣ್ಣ ರೋಡಲ್ಲೂ ಒಂದೇ ಏಟಿಗೆ ತಿರುಗುತ್ತೆ" ಅಂದರು. ಸುಳ್ಳಲ್ಲ. ಹೆರಾಲ್ಡಿಗೆ ಪೂರ್ತಿ ತಿರುಗಲು 25 ಅಡಿ ಸಾಕು. ಆವತ್ತಿನಿಂದ ಕೇಳದೆ ಫೋಟೋ ತೆಗೆಯುವುದನ್ನು ಬಿಟ್ಟಿದ್ದೇನೆ. ಯಾರಿಗಾದರೂ ಕಳಿಸುವ ಮೊದಲು ನಂಬರ್ ಪ್ಲೇಟನ್ನೂ ಮಸುಕು ಮಾಡುತ್ತೇನೆ.

ನಮ್ಮೂರಿನದೇ ಒಂದು ಕಾರಿಗಾಗಿ ನಾನು ನಾಲ್ಕು ವರ್ಷ ಹುಡುಕಿದ್ದೇನೆ, ಸಿಪಾನಿ ಡಾಲ್ಫಿನ್. ಬೆಂಗಳೂರಿನಲ್ಲಿ ತಯಾರಾದ ಕಾರು, 1982ರಲ್ಲಿ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ರೂಪ. ಫೈಬರ್ ಮೈ, 848 ಸಿಸಿ ಇಂಜಿನ್, ಎರಡೇ ಬಾಗಿಲು. ಹಗುರ ಇದ್ದಿದ್ದರಿಂದ ರ್‍ಯಾಲಿ ಓಡಿಸುವವರಿಗೆ ಇಷ್ಟ. ಆದರೆ 1983ರ ಡಿಸೆಂಬರಿನಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂತು ನೋಡಿ, ಮನೆಮಂದಿಯೆಲ್ಲ ಅತ್ತ ತಿರುಗಿಬಿಟ್ಟರು. ಕೊನೆಗೆ ನನಗೆ ಡಾಲ್ಫಿನ್ ಸಿಕ್ಕಿದ್ದು ರಾಜಾಜಿನಗರದ ಒಂದು ವರ್ಕ್‌ಶಾಪಿನ ಹಿಂದೆ, ಹಳೇ ಬ್ಯಾಟರಿಗಳ ನಡುವೆ. ನನ್ನ ಜೇಬಿನಲ್ಲಿ ಯಾವಾಗಲೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಅಯಸ್ಕಾಂತ ಇರುತ್ತದೆ. ಮಾಲೀಕರು ಒಪ್ಪಿದರೆ ಬಟ್ಟೆ ಸುತ್ತಿ ಮೈಗೆ ಹಿಡಿಯುತ್ತೇನೆ. ತಗಡಾದರೆ ಕಚ್ಚುತ್ತದೆ. ಗುಳಿ ಮುಚ್ಚಲು ದಪ್ಪಗೆ ಪುಟ್ಟಿ ಮೆತ್ತಿದ ಜಾಗದಲ್ಲಿ ಜಾರುತ್ತದೆ. ಈ ಕಾರಿನ ಮೇಲೆ ಎಲ್ಲಿ ಇಟ್ಟರೂ ನಿಲ್ಲಲಿಲ್ಲ. ಬೆರಳಲ್ಲಿ ತಟ್ಟಿದೆ. ಟಣ್ ಅನ್ನಲಿಲ್ಲ, ಪ್ಲಾಸ್ಟಿಕ್ ಬಕೆಟ್ ತಟ್ಟಿದ ಹಾಗೆ ಟಪ್ ಅಂದಿತು. ಮೈಗೆ ಒಂದು ಚೂರೂ ತುಕ್ಕಿಲ್ಲ, ಫೈಬರ್ ಅಲ್ವಾ. ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತು.

ದುಬಾರಿ ಸ್ಪೋರ್ಟ್ಸ್ ಕಾರುಗಳಿಗೆ ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. ಭಾನುವಾರ ಬೆಳಿಗ್ಗೆ ಏರ್‌ಪೋರ್ಟ್ ರಸ್ತೆ, ಸಂಜೆ ಯುಬಿ ಸಿಟಿ ಸುತ್ತಮುತ್ತ ನಿಂತರೆ ಸಿಗುತ್ತವೆ. ಅವುಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಅಂತ ಹುಡುಕುವುದೇ ಮಜಾ. ಮಾಮೂಲಿ ಕಾರಿನ ಮೇಲೆ ಫೈಬರ್ ಮೈ ಕೂರಿಸಿ ಲ್ಯಾಂಬೊರ್ಗಿನಿ ಮಾಡಿದವರಿದ್ದಾರೆ. ನಾನು ನೋಡುವುದು ಚಕ್ರದ ಬೋಲ್ಟು. ನಾಲ್ಕೇ ಇದ್ದರೆ ನಕಲಿ, ಮಾತು ಮುಗಿಯಿತು. ಆಮೇಲೆ ಹಂಪು. ಅಸಲಿ ಕಾರು ನಮ್ಮ ಹಂಪಿನ ಮುಂದೆ ಬಂದು ನಿಲ್ಲುತ್ತದೆ, ಮೂತಿ ಎತ್ತಿಕೊಳ್ಳುತ್ತದೆ ಇಲ್ಲವೇ ಓರೆಯಾಗಿ ಉಸಿರು ಬಿಗಿಹಿಡಿದು ಹತ್ತುತ್ತದೆ. ನಕಲಿ ಸುಮ್ನೆ ಆಟೋ ಥರ ಹಾರಿಕೊಂಡು ಹೋಗುತ್ತದೆ. ಅಮೆರಿಕದ ಮಸ್ಟ್ಯಾಂಗ್ ಕಾರಿನ ಮುಖ ಹಾಕಿಕೊಂಡ ನಮ್ಮ ಹಳೇ ಕಾಂಟೆಸ್ಸಾ ಕಾರುಗಳೂ ಇವೆ. ಪಕ್ಕದಿಂದ ನೋಡಿ. ಕಿಟಕಿ ಸಾಲು, ನಾಲ್ಕು ಬಾಗಿಲು ಕಾಂಟೆಸ್ಸಾದ್ದೇ. ಅದನ್ನು ಮುಚ್ಚಿಡಲು ಆಗಲ್ಲ.

ಮಾಡಿಫೈ ಮಾಡಿದ ಕಾರುಗಳಲ್ಲಿ ನನಗೆ ಇಷ್ಟ ಆಗೋದು ಹೊರಗೆ ಏನೂ ಕಾಣದಂಥವು. 2000ದ ಆಸುಪಾಸಿನ ಹೋಂಡಾ ಸಿಟಿ ವಿಟೆಕ್ ಇರಲಿ, ಪಾಲಿಯೊ 1.6 ಇರಲಿ, 150 ಬಿಎಚ್‌ಪಿಯ ಆಕ್ಟೇವಿಯಾ ಆರ್‌ಎಸ್ ಇರಲಿ, ಪ್ರೀತಿಯಿಂದ ಇಟ್ಟುಕೊಂಡವರು ಅದಕ್ಕೆ ರೆಕ್ಕೆ ಪುಕ್ಕ ಕಟ್ಟಿರುವುದಿಲ್ಲ. ಒಳ್ಳೇ ಟೈರು, ಒಳ್ಳೇ ಬ್ರೇಕು, ಅಷ್ಟೇ. ಕಾನೂನೂ ಬಿಗಿಯಾಗಿದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಣ್ಣ ಬದಲಾಯಿಸಿದರೂ ಆರ್‌ಸಿಯಲ್ಲಿ ನಮೂದಾಗಬೇಕು. ಪಟಾಕಿ ಸೈಲೆನ್ಸರ್ ಹಾಕಿಕೊಂಡು ರಾತ್ರಿ ಹನ್ನೊಂದಕ್ಕೆ ನಮ್ಮ ರಸ್ತೆಯಲ್ಲಿ ಓಡುವ ಹುಡುಗರ ಬಗ್ಗೆ ನನಗೆ ಯಾವ ಕನಿಕರವೂ ಇಲ್ಲ.

ಪ್ರದರ್ಶನಗಳಿಗೆ ಹೋಗುವುದಾದರೆ ಉದ್ಘಾಟನೆ ಹೊತ್ತಿಗೆ ಹೋಗಬೇಡಿ. ಆರೂವರೆಗೆ ಹೋಗಿ. ಕಾರುಗಳು ಬರುವುದನ್ನು ನೋಡಬೇಕು. ಯಾವುದು ಲಾರಿ ಮೇಲೆ ಬಂತು, ಯಾವುದು ತಾನೇ ಓಡಿಕೊಂಡು ಬಂತು, ಯಾವುದು ನೀಲಿ ಹೊಗೆ ಬಿಡುತ್ತಾ ಆಯಿಲ್ ಕುಡಿಯುತ್ತಿದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಹತ್ತು ಗಂಟೆಗೆ ಎಲ್ಲವೂ ಸಾಲಾಗಿ ನಿಂತು ಹೊಳೆಯುತ್ತವೆ, ಮದುವೆ ಆಲ್ಬಮ್ಮಿನ ಹಾಗೆ. ಮಾಲೀಕರನ್ನು ಕೇಳಿದರೆ ಯಾವ ರಾಜರ ಮನೆಯಿಂದ ಬಂತು ಅಂತ ಹೇಳುತ್ತಾರೆ. ಪಕ್ಕದಲ್ಲಿ ಬಟ್ಟೆ ಹಿಡಿದು ಒರೆಸುತ್ತಿರುವ ಡ್ರೈವರನ್ನು ಕೇಳಿ. ಫ್ಯೂಯಲ್ ಪಂಪ್ ಯಾವ ಗಾಡಿಯದು, ಜೆ.ಸಿ. ರಸ್ತೆಯಲ್ಲಿ ಸಿಗದ ಸಾಮಾನು ಶಿವಾಜಿನಗರದ ಗುಜರಿಯಲ್ಲಿ ಹೇಗೆ ಸಿಕ್ಕಿತು ಅಂತ ಅವರು ಹೇಳುತ್ತಾರೆ. ಪ್ರದರ್ಶನಕ್ಕೆ ಕಾಯಲು ಆಗದಿದ್ದರೆ ಧರ್ಮಸ್ಥಳದ ಕಾರ್ ಮ್ಯೂಸಿಯಂ ಇದೆ, ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲೇ ಪಯಣ ಅನ್ನೋ ಇನ್ನೊಂದು ಮ್ಯೂಸಿಯಂ ಇದೆ. ಕಣ್ಣು ಪಳಗಿಸಲು ಎರಡೂ ಒಳ್ಳೆಯ ಜಾಗ. ನಾನು ಮಗಳನ್ನು ಕರೆದುಕೊಂಡು ಹೋಗಿ ಬರೀ ಹೆಡ್‌ಲೈಟ್ ನೋಡಿ ಹೆಸರು ಹೇಳುವ ಆಟ ಆಡುತ್ತೇನೆ. ಈಗೀಗ ಅವಳೇ ಗೆಲ್ಲುತ್ತಾಳೆ.

ಸದ್ಯಕ್ಕೆ ತಲೆ ತಿನ್ನುತ್ತಿರುವುದು ಮಲ್ಲೇಶ್ವರದ ಒಂದು ಕಾರು. ಬೂದು ಕವರು, ಸುತ್ತ ಸಂಪಿಗೆ ಎಲೆ. ಹಿಂದಿನ ಟೈರು ಪಂಕ್ಚರಾಗಿ ಕೂತುಬಿಟ್ಟಿದೆ. ಗೇಟಿನ ಹೊರಗಿಂದಲೇ ಬಗ್ಗಿ ಅಳತೆ ಓದಿದೆ: 13. ಕಾಂಟೆಸ್ಸಾಕ್ಕೂ ಅದೇ ಅಳತೆ, ಆದರೆ ಈ ಕವರಿನ ಉದ್ದ ಅಷ್ಟಿಲ್ಲ. ಹೆರಾಲ್ಡ್ ಇರಬೇಕು, ಇಲ್ಲವೇ ಅದರ ತಮ್ಮ ಗೆಜೆಲ್. ವಾಚ್‌ಮನ್ ಹತ್ತಿರ ಮೂರು ಸಲ ಮಾತಾಡಿದ್ದೇನೆ. "ಯಜಮಾನ್ರು ಮಗನ ಹತ್ರ ಅಮೆರಿಕಾಕ್ಕೆ ಹೋಗವ್ರೆ, ಡಿಸೆಂಬರಲ್ಲಿ ಬತ್ತಾರೆ. ಅಲ್ಲಿಗಂಟ ಮುಟ್ಟಂಗಿಲ್ಲ ಸಾಮಿ" ಅಂದರು. ಸರಿ ಅಂದೆ. ನನ್ನ ಪುಸ್ತಕದಲ್ಲಿ ದಿನಾಂಕ ಹಾಕಿ, ರಸ್ತೆ ಹೆಸರು ಬರೆದು, ಕಾರಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.