ಆರ್‌ಸಿ ನನ್ನ ಹೆಸರಲ್ಲಿ, ಪಾಲಿಸಿ ಹಳೇ ಮಾಲೀಕರ ಹೆಸರಲ್ಲಿ

ಮೈಸೂರಿನಲ್ಲಿ ಒಂದು ಹಳೇ ಸ್ವಿಫ್ಟ್ ತಗೊಂಡೆ, ಕೆಎ-09 ಗಾಡಿ. ಆಷಾಢಕ್ಕೆ ಮುಂಚೆ ಮನೆಗೆ ಬರಬೇಕು ಅಂತ ಅಮ್ಮನ ಹಟ. ಹಾಗಾಗಿ ಮಾಲೀಕರ ಹೆಸರು ಬದಲಾಯಿಸೋ ಫಾರಂ 29, ಫಾರಂ 30 ಬೇಗ ಬೇಗ ಸಹಿ ಆಗಿ, ಆರ್‌ಸಿಯೂ ನನ್ನ ಹೆಸರಿಗೆ ಬಂತು. ಇನ್ಶೂರೆನ್ಸ್ ಬಗ್ಗೆ ಕೇಳಿದ್ದಕ್ಕೆ ಬ್ರೋಕರ್, "ಇನ್ನೂ ಏಳು ತಿಂಗಳು ಇದೆ ಸಾರ್, ಫುಲ್ ಇನ್ಶೂರೆನ್ಸು, ಗಾಡಿ ಜೊತೆಗೇ ಬರುತ್ತೆ" ಅಂದ. ಅವನು ಹೇಳಿದ್ದು ಅರ್ಧ ನಿಜ. ತೊಂದರೆ ಆಗಿದ್ದೇ ಅದರಿಂದ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಇಂಡುವಾಳು ಹತ್ತಿರ, ಹಿಂದೆ ಒಂದು ಲೈಟೂ ಇಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗೆ ಗುದ್ದಿದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಬಾನೆಟ್, ರೇಡಿಯೇಟರ್, ಎರಡೂ ಹೆಡ್‌ಲೈಟ್ ಹೋದವು. ಗ್ಯಾರೇಜಿನವರು 62 ಸಾವಿರ ಅಂದರು. ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬಂದು ಫೋಟೋ ತೆಗೆದು, ಆರ್‌ಸಿ ನೋಡಿ, ಪಾಲಿಸಿ ನೋಡಿ, "ಹೆಸರು ಬೇರೆ ಬೇರೆ ಇದೆಯಲ್ಲಾ" ಅಂದಾಗಲೇ ಎದೆ ಧಸಕ್ ಅಂತು. ಆಮೇಲೆ ಪತ್ರ ಬಂತು: ಕ್ಲೈಮ್ ಇಲ್ಲ.

ಜಗಳ ಆಡೋಣ ಅಂತ ಪರಿಚಯದ ಲಾಯರ್ ಹತ್ತಿರ ಹೋದೆ. ಅವರು ಬಿಡಿಸಿ ಹೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ, ಗಾಡಿ ಕೈ ಬದಲಾದರೆ ಥರ್ಡ್ ಪಾರ್ಟಿ ಭಾಗ ತಾನಾಗೇ ಹೊಸಬರಿಗೆ ಬಂದಂತೆ. ಟ್ರ್ಯಾಕ್ಟರ್‌ನವನಿಗೆ ಪೆಟ್ಟಾಗಿದ್ದರೆ ಕಂಪನಿ ಕೊಡಬೇಕಿತ್ತು. ನನ್ನ ಗಾಡಿಯ ರಿಪೇರಿ, ಅಂದರೆ ಓನ್ ಡ್ಯಾಮೇಜ್, ಹಾಗಲ್ಲ. ಅದು ಕಂಪನಿಗೂ ಹಳೇ ಮಾಲೀಕರಿಗೂ ಆದ ಒಪ್ಪಂದ, ಅದರಲ್ಲಿ ನಾನು ಯಾರೂ ಅಲ್ಲ. ಹಳಬರೂ ಕೇಳುವ ಹಾಗಿಲ್ಲ, ಗಾಡಿ ಅವರದೇ ಅಲ್ವಲ್ಲ! ಪ್ರೀಮಿಯಂ ಮಾತ್ರ ಕಟ್ಟಿದ್ದಾಗಿದೆ. 62 ಸಾವಿರ ನನ್ನ ಜೇಬಿಂದಲೇ ಹೋಯಿತು.

ಆಮೇಲೆ ಭಾವಮೈದ ಕಾರು ತಗೊಂಡಾಗ ದುಡ್ಡು ಕೊಟ್ಟ ಮಾರನೇ ದಿನವೇ ಅವನನ್ನು ಇನ್ಶೂರೆನ್ಸ್ ಆಫೀಸಿಗೆ ಎಳ್ಕೊಂಡು ಹೋದೆ. ಪಾಲಿಸಿಯಲ್ಲಿ ಹೆಸರು ಬದಲಾಯಿಸೋಕೆ ಇರುವುದು 14 ದಿನ ಅಷ್ಟೇ. ಹಳೇ ಪಾಲಿಸಿ, ಫಾರಂ 29 ಮತ್ತು 30ರ ನಕಲು, ಮಾರಿದವರ ಒಪ್ಪಿಗೆ ಪತ್ರ, ಆಧಾರ್ ಕೊಟ್ಟೆವು. ಆರ್‌ಸಿ ಬಂದ ಮೇಲೆ ಅದನ್ನೂ ಕೊಟ್ಟೆವು. ಮಾರಿದವರು ಮೂರು ವರ್ಷ ಒಂದೂ ಕ್ಲೈಮ್ ಮಾಡದೆ 35 ಪರ್ಸೆಂಟ್ ನೋ ಕ್ಲೈಮ್ ಬೋನಸ್, ಅಂದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ರಿಯಾಯಿತಿ, ಗಳಿಸಿದ್ದರು. ಅದು ಗಾಡಿಗೆ ಸೇರಿದ್ದಲ್ಲ, ಆ ಮನುಷ್ಯರಿಗೆ ಸೇರಿದ್ದು. ಹಾಗಾಗಿ ಉಳಿದ ತಿಂಗಳುಗಳ ವ್ಯತ್ಯಾಸ ಕಟ್ಟಿಸಿಕೊಂಡರು. ಭಾವಮೈದ ಗೊಣಗಿದ, ನಾನು ನನ್ನ ರಿಪೇರಿ ಬಿಲ್ ತೋರಿಸಿದೆ. ಹೆಸರು ಬದಲಾಯಿತು ಅನ್ನೋ ಪತ್ರ, ಎಂಡೋರ್ಸ್‌ಮೆಂಟ್, ಕೈಗೆ ಬರೋವರೆಗೂ ಅವನಿಗೆ ಸ್ಟೇರಿಂಗ್ ಮುಟ್ಟೋಕೆ ಬಿಡಲಿಲ್ಲ.

ಇದೆಲ್ಲ ಆದ ಮೇಲೆ ನಾನು ಮಾರಿದ್ದ ಸ್ಕೂಟರ್ ನೆನಪಾಯಿತು. ನಾಲ್ಕು ತಿಂಗಳ ಹಿಂದೆ ಪಕ್ಕದ ಬೀದಿಯ ಹುಡುಗನಿಗೆ ಕೊಟ್ಟಿದ್ದೆ, ಫಾರಂಗೆ ಸುಮ್ನೆ ಸಹಿ ಹಾಕಿ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿದರೆ ಇನ್ನೂ ನನ್ನ ಹೆಸರೇ! ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇನ್ಶೂರೆನ್ಸ್ ಮುಗಿದಿದ್ದು ಅವನು ಯಾರಿಗಾದರೂ ಗುದ್ದಿದ್ದರೆ ನನ್ನ ಗತಿ? ಫೋನ್ ಮಾಡಿದರೆ ಎತ್ತಲಿಲ್ಲ. ಅವರಪ್ಪನ ಅಂಗಡಿಗೇ ಹೋಗಿ ಕೂತೆ. ಕಾಫಿ ಕೊಟ್ಟರು. ಮಾರನೇ ದಿನ ಮಗನನ್ನು ಕರ್ಕೊಂಡು ಆರ್‌ಟಿಓಗೂ ಬಂದರು.